ಕನಕಪುರ ಲೋಕಸಭಾ ಕ್ಷೇತ್ರದ ಚುನಾವಣಾ ದಾಖಲೆ: ಕೆಲಸ ಎಲ್ಲಿಯವರೆಗೆ ಬಂದಿದೆ

ಇಂದು ಭೂಪಟದಲ್ಲಿಲ್ಲದ ಕನಕಪುರ ಲೋಕಸಭಾ ಕ್ಷೇತ್ರದ ಚುನಾವಣೆಗಳನ್ನು ಒಂದೇ ಕೋಷ್ಟಕಕ್ಕೆ ತರುವ ನನ್ನ ಹವ್ಯಾಸದ ಕೆಲಸದಲ್ಲಿ ಮೊದಲ ಹಂತವಾದ ವಿಜೇತರ ಪಟ್ಟಿ ಮುಗಿದಿದೆ. 1967ರಿಂದ 2004ರವರೆಗೆ 11 ಸಾರ್ವತ್ರಿಕ ಚುನಾವಣೆಗಳು ಮತ್ತು 2002ರ ಒಂದು ಉಪಚುನಾವಣೆ ಸೇರಿ ಒಟ್ಟು 12 ನಮೂದುಗಳಾದವು. 2008ರ ಕ್ಷೇತ್ರ ಪುನರ್ವಿಂಗಡಣೆಯೊಂದಿಗೆ ಪಟ್ಟಿ ಅಲ್ಲಿಗೇ ನಿಲ್ಲುತ್ತದೆ.

ನಮೂದಿಸುವಾಗ ಎಚ್ಚರ ವಹಿಸಬೇಕಾದದ್ದು ಅದೇ ಹೆಸರಿನ ವಿಧಾನಸಭಾ ಕ್ಷೇತ್ರದ ವಿಷಯದಲ್ಲಿ. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರು ಪಿ.ಜಿ.ಆರ್. ಸಿಂಧ್ಯ ತೆರವು ಮಾಡಿಕೊಟ್ಟ ಸ್ಥಾನಕ್ಕೆ ಉಪಚುನಾವಣೆಯಲ್ಲಿ ಗೆದ್ದುಬಂದದ್ದು ಆ ಕನಕಪುರದಿಂದ. ಆದ್ದರಿಂದ ಪ್ರತಿ ಸಾಲಿನಲ್ಲೂ ಸದನದ ಹೆಸರಿಗೆ ಬೇರೆಯೇ ಅಂಕಣವಿಟ್ಟಿದ್ದೇನೆ.

1967ರಲ್ಲಿ ಕಾಂಗ್ರೆಸ್ಸಿನ ಎಂ.ವಿ. ರಾಜಶೇಖರನ್ ಗೆದ್ದರು. ಪಕ್ಷ ಒಡೆದ ನಂತರ ನಡೆದ 1971ರ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಬಣಕ್ಕೆ ದಕ್ಕಿದಾಗ ಇಲ್ಲಿಂದ ಆಯ್ಕೆಯಾದವರು ಸಿ.ಕೆ. ಜಾಫರ್ ಷರೀಫ್. 1977ರಲ್ಲಿ ಅವರು ಬೆಂಗಳೂರು ಉತ್ತರಕ್ಕೆ ಹೋದರು.

ಅಲ್ಲಿಂದ ಮುಂದಿನ ಸಾಲುಗಳಲ್ಲಿ ಒಂದೇ ಹೆಸರು ಮರುಕಳಿಸುತ್ತದೆ. ಎಂ.ವಿ. ಚಂದ್ರಶೇಖರಮೂರ್ತಿ 1977, 1980, 1984, 1989 ಮತ್ತು 1991ರಲ್ಲಿ ಸತತವಾಗಿ ಗೆದ್ದು, 1999ರಲ್ಲಿ ಮತ್ತೊಮ್ಮೆ ಆಯ್ಕೆಯಾದರು. ಅಂದರೆ ಈ ಕ್ಷೇತ್ರದ 12 ಗೆಲುವುಗಳಲ್ಲಿ ಸರಿಯಾಗಿ ಅರ್ಧ ಅವರವು. ಕನಕಪುರ ಎಂದೊಡನೆ ದೇವೇಗೌಡರ ಕುಟುಂಬ ಮತ್ತು ಡಿ.ಕೆ. ಶಿವಕುಮಾರ್ ನಡುವಿನ ಜಿದ್ದನ್ನೇ ನೆನೆಯುವವರು, ನರಸಿಂಹ ರಾವ್ ಸಂಪುಟದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರಾಗಿದ್ದ ಈ ಸದಸ್ಯರನ್ನು ಮರೆತೇಬಿಟ್ಟಿದ್ದಾರೆ. 1984ರ ಡಿಸೆಂಬರಿನಲ್ಲಿ ರಾಜ್ಯದ 28ರಲ್ಲಿ 24 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟ ಮತದಾರರು ಮರುವರ್ಷದ ಮಾರ್ಚಿನಲ್ಲಿ ವಿಧಾನಸಭೆಯನ್ನು ಜನತಾ ಪಕ್ಷಕ್ಕೆ ಒಪ್ಪಿಸಿದರಷ್ಟೆ. ಆ ಮಾರ್ಚಿನಲ್ಲಿಯೇ, ಇದೇ ಕ್ಷೇತ್ರದೊಳಗಿನ ಸಾತನೂರಿನಲ್ಲಿ, ಎಚ್.ಡಿ. ದೇವೇಗೌಡರು ಶಿವಕುಮಾರ್ ಅವರನ್ನು ಸೋಲಿಸಿದ್ದರು. ಜಿದ್ದಿನ ಬೇರು ವಿಧಾನಸಭಾ ಚುನಾವಣೆಯಲ್ಲಿದೆ, ಲೋಕಸಭೆಗೆ ಅದು ತಡವಾಗಿ ತಲುಪಿತು ಎಂಬುದು ನನ್ನ ಅಭಿಪ್ರಾಯ.

ತಲುಪಿದ ಮೇಲಿನ ಏರಿಳಿತ ಮಾತ್ರ ತೀವ್ರವಾದದ್ದು. ದೇವೇಗೌಡರು ಪ್ರಧಾನಿಯಾದ 1996ರ ಚುನಾವಣೆಯಲ್ಲಿ ಜನತಾ ದಳದ ಎಚ್.ಡಿ. ಕುಮಾರಸ್ವಾಮಿ ಇಲ್ಲಿಂದ ಮೊದಲ ಬಾರಿಗೆ ಸಂಸತ್ತು ಪ್ರವೇಶಿಸಿದರು. ಎರಡೇ ವರ್ಷಗಳಲ್ಲಿ ಸ್ಥಾನ ಬಿಜೆಪಿಯ ಎಂ. ಶ್ರೀನಿವಾಸ್ ಪಾಲಾಯಿತು. ಮೂರ್ತಿಯವರ ನಿಧನದಿಂದ ಬಂದ 2002ರ ಉಪಚುನಾವಣೆಯಲ್ಲಿ, 1999ರಲ್ಲಿ ಹಾಸನದಲ್ಲಿ ಸೋತಿದ್ದ ದೇವೇಗೌಡರು ಆಗ ಸಚಿವರಾಗಿದ್ದ ಶಿವಕುಮಾರ್ ಅವರನ್ನು ಮಣಿಸಿ ಲೋಕಸಭೆಗೆ ಮರಳಿದರು. 2004ರಲ್ಲಿ ಹಾಸನ ಮತ್ತು ಕನಕಪುರ ಎರಡರಲ್ಲೂ ಸ್ಪರ್ಧಿಸಿದ ಮಾಜಿ ಪ್ರಧಾನಿ ಹಾಸನವನ್ನು ಮರಳಿ ಗೆದ್ದರಾದರೂ, ಇಲ್ಲಿ ಪತ್ರಕರ್ತೆಯಾಗಿದ್ದ ಕಾಂಗ್ರೆಸ್ಸಿನ ತೇಜಸ್ವಿನಿಯವರ ಎದುರು ಮೂರನೆಯ ಸ್ಥಾನಕ್ಕೆ ಇಳಿದರು.

ಈ ಫಲಿತಾಂಶವನ್ನು 2002ರ ಸೋಲಿಗೆ ಶಿವಕುಮಾರ್ ತೀರಿಸಿಕೊಂಡ ಬರಿಯ ಸೇಡಿನ ಕಥೆಯೆಂದು ಓದುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಕ್ಷೇತ್ರಕ್ಕೆ ಕನಕಪುರದ ಹೆಸರಿದ್ದರೂ ಅದರೊಳಗೆ ರಾಮನಗರ, ಚನ್ನಪಟ್ಟಣಗಳ ರೇಷ್ಮೆ ಸೀಮೆಯ ಜೊತೆಗೆ ಆನೇಕಲ್ ಇತ್ತು, ಬೆಂಗಳೂರಿನ ದಕ್ಷಿಣದ ಬಡಾವಣೆಗಳನ್ನೆಲ್ಲ ನುಂಗುತ್ತ ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದಾಗಿ ಬೆಳೆದ ಉತ್ತರಹಳ್ಳಿಯೂ ಇತ್ತು. ಹೊಲದ ಮತ್ತು ಬಡಾವಣೆಯ ಮತಗಳು ಒಂದೇ ಎಣಿಕೆಗೆ ಸೇರುತ್ತಿದ್ದವು. ಹೀಗಾಗಿ ಎರಡನೆಯ ಹಂತದಲ್ಲಿ ವಿಧಾನಸಭಾ ಕ್ಷೇತ್ರವಾರು ಮತಗಳನ್ನು, 2004ರಿಂದ ಹಿಂದಕ್ಕೆ ಹೋಗುತ್ತ, ತುಂಬಿಸುತ್ತಿದ್ದೇನೆ.

2009ರಿಂದ ಆರಂಭವಾಗುವ ಬೆಂಗಳೂರು ಗ್ರಾಮಾಂತರ ಕ್ಷೇತ್ರವನ್ನು ಇದರ ಮುಂದುವರಿಕೆಯೆಂದು ಅನೇಕರು ಬರೆಯುತ್ತಾರೆ. ಆದರೆ ಅಷ್ಟರಲ್ಲಿ ಸಾತನೂರು ಮತ್ತು ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರಗಳೇ ಇಲ್ಲವಾಗಿ, ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣದಂಥ ಹೊಸ ವಿಧಾನಸಭಾ ಕ್ಷೇತ್ರಗಳು ರೂಪುಗೊಂಡಿದ್ದವು. ಆದಕಾರಣ ಕುಮಾರಸ್ವಾಮಿಯವರ 2009ರ ಗೆಲುವನ್ನೂ ಡಿ.ಕೆ. ಸುರೇಶ್ ಅವರ 2013ರ ಉಪಚುನಾವಣೆಯ ಗೆಲುವನ್ನೂ ಈ ಕೋಷ್ಟಕಕ್ಕೆ ಸೇರಿಸದೆ, ಅವಕ್ಕೆ ಪ್ರತ್ಯೇಕ ಹಾಳೆಯೊಂದನ್ನು ತೆರೆದಿದ್ದೇನೆ.