ಹಾರ್ಸ್‌ಪವರ್ ಕಾಲಂ ಕೊನೆಗೆ ತುಂಬಿಸಿ

ನಾನು ಬೆಂಗಳೂರಿನ ಒಂದು ರೈಲ್ವೆ ಡಿಸೈನ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಲೋಕೋ, ಅಂದರೆ ರೈಲು ಎಳೆಯುವ ಗಾಡಿ, ಅದರ ಒಳಗಿನ ಡೀಸೆಲ್ ಎಂಜಿನ್ನಿನಿಂದ ಬರುವ ಶಕ್ತಿ ಎಲ್ಲೆಲ್ಲಿಗೆ ಎಷ್ಟೆಷ್ಟು ಹೋಗುತ್ತೆ ಅಂತ ಲೆಕ್ಕ ಇಡುವುದು ನನ್ನ ಕೆಲಸ. ರೇಡಿಯೇಟರ್ ಫ್ಯಾನಿಗೆ ಇಷ್ಟು, ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರಿಗೆ ಇಷ್ಟು, ಮೋಟರ್ ತಣ್ಣಗಿಡುವ ಬ್ಲೋವರಿಗೆ ಇಷ್ಟು, ಬ್ಯಾಟರಿ ಚಾರ್ಜ್ ಮಾಡಲು ಇಷ್ಟು, ಹಿಂದಿನ ಡಬ್ಬಿಗಳ ಹೀಟಿಂಗು, ಎಸಿಗೆ ಇಷ್ಟು. ಇದೆಲ್ಲ ಕಳೆದು ಉಳಿದದ್ದು ಚಕ್ರಕ್ಕೆ.

ಟೀಮಿಗೆ ಹೊಸದಾಗಿ ಸೇರಿದವರು ಯಾವ ಲೋಕೋ ಫೈಲ್ ತೆರೆದರೂ ಮೊದಲು ಕೇಳುವುದು ಒಂದೇ: "ಎಷ್ಟು ಹಾರ್ಸ್‌ಪವರ್ ಸಾರ್?" ಕೇಳಲಿ ಬಿಡಿ, ಬೈಕ್ ಕೊಳ್ಳುವಾಗ ಸಿಸಿ ಕೇಳಿಯೇ ಬೆಳೆದವರು ನಾವು. ಆದರೆ ನಮ್ಮ ಕೆಲಸದಲ್ಲಿ ಆ ಒಂದು ಅಂಕಿ ನೋಡಿ ಶುರು ಮಾಡಿದವರು ಮುಂದೆ ಪ್ರತಿ ಮೀಟಿಂಗಿನಲ್ಲೂ ಸಿಕ್ಕಿಹಾಕಿಕೊಳ್ಳುತ್ತಾರೆ. ಅದಕ್ಕೇ ಈಗಿನ ಪ್ರಾಜೆಕ್ಟನ್ನು ಸ್ವಲ್ಪ ಬದಿಗಿಡಿಸಿ, ಅವರ ಕೈಗೆ ಫ್ರಾನ್ಸಿನ ಹಳೆಯ ಡೀಸೆಲ್ ಲೋಕೋಗಳ ವಿವರ ಕೊಡುತ್ತೇನೆ. ಯಾಕೆ ಫ್ರಾನ್ಸೇ ಅಂದರೆ, ಅಲ್ಲಿ ಡೀಸೆಲ್ ಯಾವತ್ತೂ ರಾಜನಾಗಲಿಲ್ಲ. ಅಮೆರಿಕದ ಹಾಗೆ ದೇಶ ಪೂರ್ತಿ ಡೀಸೆಲ್ ಓಡಿಸಿದವರಲ್ಲ ಅವರು. ಯುದ್ಧ ಮುಗಿದ ಮೇಲೆ 1946ರಿಂದ 1948ರ ನಡುವೆ ಅಮೆರಿಕದ ಬಾಲ್ಡ್‌ವಿನ್ ಕಂಪನಿಯಿಂದ 100 ಡೀಸೆಲ್ ಲೋಕೋ ತರಿಸಿಕೊಂಡರು, ನಿಜ. ಆದರೆ 1950ರ ದಶಕದಲ್ಲಿ 25 ಕಿಲೋವೋಲ್ಟ್ ಆಲ್ಟರ್ನೇಟಿಂಗ್ ಕರೆಂಟಿನ ವಿದ್ಯುತ್ ಮಾರ್ಗವನ್ನು ಗಟ್ಟಿಯಾಗಿ ನಿಲ್ಲಿಸಿ ತೋರಿಸಿದವರೂ ಅವರೇ. ನಮ್ಮ ಭಾರತೀಯ ರೈಲ್ವೆ 1957ರಲ್ಲಿ ಅದೇ ಪದ್ಧತಿಗೆ ಬಂತು, ಸಲಹೆಗೆ ಕೂತದ್ದು ಫ್ರಾನ್ಸಿನ ರೈಲ್ವೆ ಎಸ್‌ಎನ್‌ಸಿಎಫ್. ಹೀಗಾಗಿ ಫ್ರಾನ್ಸಿನಲ್ಲಿ ಡೀಸೆಲ್ಲಿಗೆ ಸಿಕ್ಕಿದ್ದು ತಂತಿ ಎಳೆಯದ ಮಾರ್ಗಗಳು, ಯಾರ್ಡುಗಳು, ಹಳ್ಳಿ ಕಡೆಯ ಲೈನುಗಳು. ಆ ಜಾಗಕ್ಕೆ ತಕ್ಕ ಹಾಗೆ ಲೋಕೋ ಮಾಡಬೇಕಿತ್ತು. ಪ್ರತಿ ಲೋಕೋದಲ್ಲೂ "ಇದು ಯಾಕೆ ಹೀಗಿದೆ" ಅನ್ನುವುದಕ್ಕೆ ಒಂದು ಕಾರಣ ಎದ್ದು ಕಾಣುತ್ತೆ.

ಮೊದಲು ಸಿಸಿ 72000 ತೋರಿಸುತ್ತೇನೆ. ಇದು ಬೈಕಿನ ಸಿಸಿ ಅಲ್ಲ, ಶಕ್ತಿ ಸಿಗುವ ಆಕ್ಸಲ್‌ಗಳು (ಚಕ್ರಗಳ ಅಚ್ಚುಗಳು) ಮೂರು ಮೂರರ ಎರಡು ಗುಂಪಿನಲ್ಲಿವೆ ಅಂತ ಅರ್ಥ; ಬಿಬಿ ಅಂದರೆ ಎರಡೆರಡು. 1967ರಿಂದ 1974ರವರೆಗೆ ಆಲ್ಸ್‌ಟಾಮ್ ಕಂಪನಿ ಮಾಡಿದ 92 ಲೋಕೋಗಳು. ಆರು ಆಕ್ಸಲ್, 110 ಟನ್ ಮೀರಿದ ತೂಕ, 16 ಸಿಲಿಂಡರಿನ ಎಜಿಒ ಎಂಜಿನ್. ಫೋಟೋ ನೋಡಿದ ಕೂಡಲೇ ಎಲ್ಲರೂ ಅದರ ಮೂತಿ ಬಗ್ಗೆ ಕೇಳುತ್ತಾರೆ. ಮುಂದಿನ ಗಾಜು ಒಳಗೆ ವಾಲಿಕೊಂಡು, ಕೆಳಗಿನ ಭಾಗ ಮುಂದೆ ಚಾಚಿಕೊಂಡಿರುತ್ತೆ. ಪಾಲ್ ಅರ್ಜೆನ್ಸ್ ಎಂಬ ಡಿಸೈನರ್ ಕೊಟ್ಟ ರೂಪ ಅದು. ಅದೇ ಮೂತಿ ಅವರ ಎಲೆಕ್ಟ್ರಿಕ್ ಲೋಕೋಗಳಲ್ಲೂ ಇದೆ. ಚೆಂದ ಇದೆ, ಆದರೆ ನನಗೆ ಬೇಕಾದದ್ದು ಎರಡು ಅಂಕಿ. ಎಂಜಿನ್ನಿನ ಶಕ್ತಿ ಸುಮಾರು 2650 ಕಿಲೋವ್ಯಾಟ್. ಚಕ್ರದ ಅಂಚಿಗೆ ನಿರಂತರವಾಗಿ ಸಿಗುವುದು ಸುಮಾರು 2250. ನಡುವಿನ 400 ಎಲ್ಲಿ ಹೋಯಿತು ಅಂತ ಬರೆದುಕೊಂಡು ಬನ್ನಿ ಅನ್ನುತ್ತೇನೆ.

ಅದನ್ನು ಬರೆಯುವಾಗಲೇ ಅರ್ಧ ಕೆಲಸ ಕಲಿತುಬಿಡುತ್ತಾರೆ. ಇಲ್ಲಿ ಎಂಜಿನ್ ತಿರುಗಿಸುವುದು ಜನರೇಟರನ್ನು, ಅದರ ಕರೆಂಟಿನಿಂದ ಚಕ್ರ ತಿರುಗಿಸುವುದು ಮೋಟರು. ಹಾಗಾಗಿ ಜನರೇಟರಿನ ಬಿಸಿಯಲ್ಲಿ ಒಂದಿಷ್ಟು, ಗೇರುಗಳ ತಿಕ್ಕಾಟದಲ್ಲಿ ಒಂದಿಷ್ಟು, ಫ್ಯಾನು, ಬ್ಲೋವರುಗಳಿಗೆ ದೊಡ್ಡದೊಂದು ಪಾಲು. ಅಷ್ಟಾದ ಮೇಲೆ ನನ್ನ ಇಷ್ಟದ ಪ್ರಶ್ನೆ ಕೇಳುತ್ತೇನೆ: "ಚಳಿಗಾಲದಲ್ಲಿ?"

ನಮ್ಮ ಹುಡುಗರಿಗೆ ಇದು ತಲೆಗೇ ಹೊಳೆಯಲ್ಲ, ಹೊಳೆಯಬೇಕಾದ ಕಾರಣವೂ ಇಲ್ಲ. ಹುಬ್ಬಳ್ಳಿ ಕಡೆಯಿಂದ ಡೀಸೆಲ್ ಲೋಕೋ ಹಿಂದೆ ಬರುತ್ತಿದ್ದ ಸ್ಲೀಪರ್ ಡಬ್ಬಿಗೆ ಹೀಟಿಂಗ್ ಯಾರಿಗೆ ಬೇಕು? ಎಸಿ ಡಬ್ಬಿ ಜಾಸ್ತಿ ಇದ್ದ ರೈಲಿಗೆ ಹಿಂದೆ ಮುಂದೆ ಜನರೇಟರ್ ಇರುವ ಪವರ್ ಕಾರ್ ಹಾಕಿದರೆ ಮುಗಿಯಿತು, ಲೋಕೋಗೆ ಆ ತಲೆನೋವು ಇರಲಿಲ್ಲ. ಫ್ರಾನ್ಸಿನಲ್ಲಿ ಹಾಗಲ್ಲ. ಅಲ್ಲಿ ಜನವರಿಯಲ್ಲಿ ಡಬ್ಬಿ ಬಿಸಿ ಇಲ್ಲದಿದ್ದರೆ ರೈಲು ಹೊರಡಿಸುವಂತಿಲ್ಲ. ಸ್ಟೀಮ್ ಎಂಜಿನ್ ಇದ್ದ ಕಾಲದಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ. ಬಾಯ್ಲರ್ ಇದ್ದೇ ಇತ್ತು, ಒಂದು ಪೈಪ್ ಹಿಂದಕ್ಕೆ ಎಳೆದರೆ ಡಬ್ಬಿಗಳಿಗೆ ಆವಿ. ಡೀಸೆಲ್ ಬಂದ ದಿನ ಆ ಆವಿ ನಿಂತುಹೋಯಿತು.

ಬಿಬಿ 66000 ನೋಡಿ. 1960ರಿಂದ 1968ರವರೆಗೆ 318 ಬಂದವು. 1400 ಹಾರ್ಸ್‌ಪವರ್, ಗೂಡ್ಸಿಗೂ ಸೈ, ಪ್ಯಾಸೆಂಜರಿಗೂ ಸೈ ಅನ್ನುವ ಲೋಕೋ. ಆದರೆ ಅದರೊಳಗೆ ಹೀಟಿಂಗಿಗೆ ಏನೂ ಇರಲಿಲ್ಲ. ಹಾಗಾಗಿ ಚಳಿಯಲ್ಲಿ ಪ್ಯಾಸೆಂಜರ್ ಎಳೆಯುವಾಗ ಲೋಕೋ ಹಿಂದೆ ಇನ್ನೊಂದು ವ್ಯಾನ್ ಜೋಡಿಸುತ್ತಿದ್ದರು. ಆ ವ್ಯಾನಿನೊಳಗೆ ಇದ್ದದ್ದು ಒಂದು ಬಾಯ್ಲರ್, ಅಷ್ಟೇ. ಸ್ಟೀಮ್ ಬೇಡ ಅಂತ ಡೀಸೆಲ್ ತಂದು, ಸ್ಟೀಮ್ ಹುಟ್ಟಿಸಲು ಪ್ರತ್ಯೇಕ ಗಾಡಿ ಎಳೆದುಕೊಂಡು ಹೋಗುವುದು! ಅದರ ತೂಕ ಬೇರೆ, ನೀರು ತುಂಬಿಸುವ ಕೆಲಸ ಬೇರೆ. ಆಮೇಲೆ 1968ರಿಂದ ಬಂದ ಬಿಬಿ 66400ರಲ್ಲಿ ವಿದ್ಯುತ್ ಹೀಟಿಂಗ್ ಒಳಗೇ ಕೂರಿಸಿದರು.

ನಡುವೆ 1963ರಲ್ಲಿ ಇನ್ನೂ ಎರಡು ಮಾದರಿ ಶುರುವಾದವು. ಬಿಬಿ 67000ಕ್ಕೆ ನಾಲ್ಕು ಆಕ್ಸಲ್, ಹೀಟಿಂಗ್ ಇಲ್ಲ. ಎ1ಎ-ಎ1ಎ 68000ಕ್ಕೆ ಆರು ಆಕ್ಸಲ್, ಅದರಲ್ಲಿ ನಾಲ್ಕಕ್ಕೆ ಮಾತ್ರ ಶಕ್ತಿ, ಒಳಗೆ 12 ಸಿಲಿಂಡರಿನ ಸುಲ್ಜರ್ ಎಂಜಿನ್, ಜೊತೆಗೆ ಬಾಯ್ಲರ್. ಹೊಸಬರಿಗೆ ಈ ಎರಡನ್ನು ಅಕ್ಕಪಕ್ಕ ಇಟ್ಟು "ವ್ಯತ್ಯಾಸ ಹೇಳಿ" ಅಂದರೆ ಹಾರ್ಸ್‌ಪವರ್ ಕಡೆಗೇ ಓಡುತ್ತಾರೆ. ಬಾಯ್ಲರ್, ಅದರ ನೀರು, ಆ ತೂಕವನ್ನು ಹಳಿ ಮೇಲೆ ಹಂಚಲು ಬೇಕಾದ ಆಕ್ಸಲ್, ಇಷ್ಟನ್ನು ಪಟ್ಟಿ ಮಾಡಿಸಿದ ಮೇಲೆ ಲೋಕೋ ಯಾಕೆ ಅಷ್ಟು ಉದ್ದ ಅಂತ ಅರ್ಥ ಆಗುತ್ತೆ. ಡಬ್ಬಿಯಲ್ಲಿ ಕೂತ ಅಜ್ಜಿಗೆ ಕಾಲು ತಣ್ಣಗಾಗಬಾರದು ಅನ್ನುವುದೂ ಲೋಕೋದ ಉದ್ದಕ್ಕೆ ಒಂದು ಕಾರಣ.

ವಿದ್ಯುತ್ ಹೀಟಿಂಗೂ ಪುಕ್ಕಟೆ ಅಲ್ಲ, ಇದನ್ನೂ ಲೆಕ್ಕದಲ್ಲಿ ಕಾಣಿಸಬೇಕು. ಎಂಜಿನ್ ಒಂದೇ. ಅದೇ ಶಾಫ್ಟಿನಿಂದ ಎಳೆತಕ್ಕೂ ಕೊಡಬೇಕು, ಹೀಟಿಂಗಿಗೂ ಕೊಡಬೇಕು. ಹೊರಗೆ ಚಳಿ ಜಾಸ್ತಿ ಆದಷ್ಟೂ ಎಳೆತ ಕಡಿಮೆ. ಹತ್ತು ಡಬ್ಬಿ ಇರುವ ರೈಲು ಏರಿನಲ್ಲಿ ನಿಂತುಬಿಟ್ಟರೆ ಡ್ರೈವರ್ ಮಾಡುವುದೇನು? ಇಂಥ ಸಾಲು ನಮ್ಮ ಶೀಟಿನಲ್ಲಿ ಇರಲೇಬೇಕು: ಅತಿ ಚಳಿ, ಪೂರ್ತಿ ರೈಲು, ಏರು, ನಿಂತಲ್ಲಿಂದ ಹೊರಡುವುದು. ನಮ್ಮ ದೇಶದ ಪ್ರಾಜೆಕ್ಟ್ ಆದರೆ ಚಳಿ ಬದಲು ಮೇ ತಿಂಗಳ ಮಧ್ಯಾಹ್ನ. ಆಗ ಎಸಿ ಒಂದು ಕಡೆ ಎಳೆಯುತ್ತೆ, ಬಿಸಿ ಗಾಳಿಯಿಂದ ಎಂಜಿನ್ನಿನ ದಮ್ಮೂ ಕಡಿಮೆಯಾಗುತ್ತೆ, ರೇಡಿಯೇಟರ್ ಫ್ಯಾನ್ ಪೂರ್ತಿ ತಿರುಗಬೇಕಾಗುತ್ತೆ. ಮೂರೂ ಒಟ್ಟಿಗೇ.

ಇನ್ನು ಬೋಗಿ ವಿಷಯ. ಬೋಗಿ ಅಂದರೆ ಇಲ್ಲಿ ಪ್ರಯಾಣಿಕರ ಡಬ್ಬಿ ಅಲ್ಲ, ಲೋಕೋ ಕೆಳಗಿನ ಚಕ್ರಗಳ ಫ್ರೇಮು. ಸಿಸಿ 72000ರಲ್ಲಿ ಒಂದೊಂದು ಬೋಗಿಗೆ ಒಂದೇ ದೊಡ್ಡ ಮೋಟರ್. ಮೂರೂ ಆಕ್ಸಲ್‌ಗಳನ್ನು ಗೇರಿನಿಂದ ಕಟ್ಟಿಹಾಕಿರುತ್ತಾರೆ. ಜೊತೆಗೆ ಎರಡು ಗೇರ್ ಅನುಪಾತ. ಗೂಡ್ಸಿಗೆ ಒಂದು, ಆಗ ವೇಗ 85 ಕಿ.ಮೀ. ದಾಟಲ್ಲ. ಪ್ಯಾಸೆಂಜರಿಗೆ ಇನ್ನೊಂದು, ಮೊದಲ 20 ಲೋಕೋಗಳಲ್ಲಿ 140, ಆಮೇಲಿನವುಗಳಲ್ಲಿ 160 ಕಿ.ಮೀ. ಅದೇ ಮೋಟರು, ಅದೇ ಶಕ್ತಿ. 160ರ ಗೇರಿನಿಂದ 85ಕ್ಕೆ ಇಳಿಸಿದರೆ ಎಳೆಯುವ ಬಲ ಹತ್ತಿರ ಹತ್ತಿರ ದುಪ್ಪಟ್ಟು. ರಾತ್ರಿ ಗೂಡ್ಸ್, ಹಗಲು ಎಕ್ಸ್‌ಪ್ರೆಸ್, ಒಂದೇ ಲೋಕೋದಲ್ಲಿ ಎರಡು ಲೋಕೋದ ಕೆಲಸ. ಕಾಗದದ ಮೇಲೆ ಇದನ್ನು ಮೀರಿಸುವುದು ಕಷ್ಟ.

ಆದರೆ ಗೇರ್ ಬದಲಿಸಬೇಕಾದರೆ ಲೋಕೋ ನಿಂತಿರಬೇಕು. ಮೂರು ಆಕ್ಸಲ್ ಒಟ್ಟಿಗೆ ತಿರುಗುವುದರಿಂದ ಒಂದು ಚಕ್ರ ಜಾರುವುದು ಕಡಿಮೆ, ಅದು ಒಳ್ಳೆಯದೇ. ಅದಕ್ಕೆ ಬೆಲೆ ತೆರುವವರು ರಿಪೇರಿ ಮಾಡುವ ಶೆಡ್ಡಿನವರು. ಗೇರಿನಿಂದ ಕಟ್ಟಿದ ಮೂರು ಆಕ್ಸಲ್‌ಗಳ ಚಕ್ರಗಳೂ ಒಂದೇ ಅಳತೆಯಲ್ಲಿರಬೇಕು. ಬ್ರೇಕ್ ಹಿಡಿದು ಒಂದು ಚಕ್ರ ಚಪ್ಪಟೆಯಾಯಿತು ಅನ್ನಿ. ಬೇರೆ ಲೋಕೋದಲ್ಲಾದರೆ ಆ ಆಕ್ಸಲ್ ಒಂದನ್ನೇ ವೀಲ್ ಲೇತಿನಲ್ಲಿ ಸವರಿ ಕಳಿಸಬಹುದು. ಇಲ್ಲಿ ಅದಕ್ಕೆ ಸಮನಾಗಲು ಚೆನ್ನಾಗಿರುವ ಉಳಿದ ಎರಡನ್ನೂ ಸವರಬೇಕು. ಇಲ್ಲದಿದ್ದರೆ ಸಣ್ಣ ಚಕ್ರ ಒಂದು ವೇಗ ಕೇಳುತ್ತೆ, ದೊಡ್ಡದು ಇನ್ನೊಂದು, ಜಗಳ ಪೂರ್ತಿ ಗೇರಿನ ಹಲ್ಲಿನ ಮೇಲೆ. ಡಿಸೈನ್ ಆಫೀಸಿನಲ್ಲಿ ಬೋಗಿಗೆ ಎರಡರಂತೆ ಉಳಿಸಿದ ಮೋಟರಿನ ದುಡ್ಡನ್ನು ಶೆಡ್ ಚೂರು ಚೂರಾಗಿ, ವರ್ಷಗಟ್ಟಲೆ ಕಟ್ಟುತ್ತಾ ಹೋಗುತ್ತೆ. ನಮ್ಮ ಆಫೀಸಿನ ರಿವ್ಯೂ ಮೀಟಿಂಗಿಗೆ ಶೆಡ್ಡಿನಲ್ಲಿ ಕೈ ಮಸಿ ಮಾಡಿಕೊಂಡ ಒಬ್ಬರನ್ನಾದರೂ ಕೂರಿಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಫ್ರೆಂಚರೂ ಇದನ್ನು ಕಂಡುಕೊಂಡರು ಅಂತ ಕಾಣುತ್ತೆ. 1969ರಿಂದ 1975ರವರೆಗೆ ಬಂದ ಬಿಬಿ 67400ರಲ್ಲಿ ಎರಡು ಗೇರಿನ ಆಟವೇ ಇಲ್ಲ. ಒಂದೇ ಅನುಪಾತ, 140 ಕಿ.ಮೀ., ವಿದ್ಯುತ್ ಹೀಟಿಂಗ್ ಒಳಗೇ, ಪೀಲ್‌ಸ್ಟಿಕ್ ಎಂಜಿನ್. ಸಿಸಿ 72000ಕ್ಕಿಂತ ಚಿಕ್ಕದು, ಶಕ್ತಿಯೂ ಕಡಿಮೆ. ಭಾರ ಜಾಸ್ತಿ ಇದ್ದರೆ ಎರಡನ್ನು ಜೋಡಿಸಿ ಓಡಿಸುವುದು. ಹಾಗೆ 232 ಮಾಡಿದರು. ಹಾರ್ಸ್‌ಪವರ್ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ ಸಿಗಲ್ಲ. ಆದರೆ ನನ್ನನ್ನು ಕೇಳಿದರೆ ಆ ಕಾಲದ ಫ್ರೆಂಚ್ ಡೀಸೆಲ್‌ಗಳಲ್ಲಿ ಅತಿ ಬುದ್ಧಿವಂತ ಲೋಕೋ ಇದೇ.

ಮೊದಲ ಸ್ಥಾನದ ಆಸೆಯೂ ಅವರಿಗೆ ಇತ್ತು. 72075 ನಂಬರಿನ ಲೋಕೋ ಒಂದಕ್ಕೆ 4800 ಹಾರ್ಸ್‌ಪವರಿನ ಪೀಲ್‌ಸ್ಟಿಕ್ ಎಂಜಿನ್ ಕೂರಿಸಿ ಪ್ರಯೋಗ ಮಾಡಿದರು. ಆ ಹೊತ್ತಿಗೆ 1973ರ ತೈಲ ಬಿಕ್ಕಟ್ಟು ಬಂತು. ಡೀಸೆಲ್ ಬೆಲೆ ಏರಿದ ಮೇಲೆ ಫ್ರಾನ್ಸ್ ವಿದ್ಯುತ್ ಕಡೆಗೇ ಪೂರ್ತಿ ವಾಲಿತು. ಗ್ಯಾಸ್ ಟರ್ಬೈನಿನಲ್ಲಿ ಓಡಿ 1972ರಲ್ಲಿ 318 ಕಿ.ಮೀ. ವೇಗ ಮುಟ್ಟಿದ್ದ ಮೊದಲ ಟಿಜಿವಿ ಅನ್ನುವ ಹೈಸ್ಪೀಡ್ ರೈಲನ್ನೂ ಬಿಟ್ಟು ಎಲೆಕ್ಟ್ರಿಕ್ ಟಿಜಿವಿ ಮಾಡಿದರು. ಮೇನ್‌ಲೈನ್ ಡೀಸೆಲ್ ಲೋಕೋ ತಯಾರಿ 1975ಕ್ಕೆ ನಿಂತದ್ದು, ಮತ್ತೆ ದೊಡ್ಡ ಆರ್ಡರ್ ಹೋದದ್ದು 2004ರಲ್ಲಿ, ಬಿಬಿ 75000 ಗೂಡ್ಸ್ ಲೋಕೋಗಳಿಗೆ. ಅಂದರೆ ಹಳೆಯವೇ ದಶಕಗಟ್ಟಲೆ ದುಡಿಯಬೇಕಾಯಿತು. 2000ದಿಂದ 2004ರವರೆಗೆ ನಾಂತ್‌ನಿಂದ ಸಮುದ್ರ ತೀರದ ಲೆ ಸಾಬ್ಲ್ ದೊಲೋನ್ ಊರಿಗೆ ತಂತಿ ಇಲ್ಲದ ಮಾರ್ಗದಲ್ಲಿ ಟಿಜಿವಿಯನ್ನೇ ಸಿಸಿ 72000 ಎಳೆದುಕೊಂಡು ಹೋಗುತ್ತಿತ್ತು. ಈ ಫೋಟೋ ಹುಡುಗರಿಗೆ ಬಲು ಇಷ್ಟ.

ಅದೇ ಹೊತ್ತಿನಲ್ಲಿ ಪ್ಯಾರಿಸಿನ ಗಾರ್ ದ ಲೆಸ್ಟ್ ಸ್ಟೇಷನ್ನಿನ ಸುತ್ತಮುತ್ತಲ ಮನೆಯವರು ಇವುಗಳ ಹೊಗೆ, ಸದ್ದಿನ ಬಗ್ಗೆ ದೂರು ಹೇಳುತ್ತಿದ್ದರು. ಅಲ್ಲಿಂದ ತ್ರುವಾ, ಮುಲೂಸ್ ಕಡೆ ಹೋಗುವ ರೈಲುಗಳಿಗೆ ಸಿಸಿ 72000ರೇ ಗತಿ. ಕೊನೆಗೆ 30 ಲೋಕೋಗಳ ಎಜಿಒ ಎಂಜಿನ್ ತೆಗೆದು ಪೀಲ್‌ಸ್ಟಿಕ್ ಕೂರಿಸಿದರು, ಹೊಸ ಹೆಸರು ಸಿಸಿ 72100. ಎಂಜಿನ್ ಬದಲಿಸಲು ಕಾರಣ ಶಕ್ತಿ ಸಾಲದ್ದಲ್ಲ, ಎದುರು ಬೀದಿಯ ಬಾಲ್ಕನಿಗಳು.

ಎಂಜಿನ್ ಬದಲಿಸುವ ಕೆಲಸ ನಮ್ಮ ಮೇಜಿಗೂ ಆಗಾಗ ಬರುತ್ತೆ. ಹಳೆಯ ಲೋಕೋ, ಹೊಸ ಎಂಜಿನ್. ಹೊಗೆ ಕಡಿಮೆ ಇರುವ ಹೊಸ ಎಂಜಿನ್ ಕೂಲಿಂಗ್ ನೀರಿಗೆ ಹೆಚ್ಚು ಬಿಸಿ ಸುರಿಯುವುದುಂಟು. ಆದರೆ ಹಳೆಯ ಲೋಕೋದ ರೇಡಿಯೇಟರ್ ಕೋಣೆಯ ಗೋಡೆ ಹಿಗ್ಗಲ್ಲ. ಒಮ್ಮೆ ಒಬ್ಬ ಗಿರಾಕಿ ನಮ್ಮ ಶೀಟ್ ನೋಡಿ, "ಹಳೆಯದಕ್ಕಿಂತ ಕಡಿಮೆ ಹಾರ್ಸ್‌ಪವರಿಗೆ ನಾನು ದುಡ್ಡು ಕೊಡಬೇಕಾ?" ಅಂತ ರೇಗಿದರು. ರೇಗುವುದು ಸಹಜ ಅಲ್ವಾ? ನಾನು ಶೀಟಿನ ಕೊನೆಯ ಸಾಲು ತೋರಿಸಿದೆ. ಹಳೆಯದರಲ್ಲಿ ಫ್ಯಾನುಗಳು ಎಂಜಿನ್ ಜೊತೆಗೇ ಸುಮ್ನೆ ತಿರುಗುತ್ತಿದ್ದವು, ಬೇಕಿದ್ದರೂ ಬೇಡದಿದ್ದರೂ. ಹೊಸದರಲ್ಲಿ ಬಿಸಿ ಎಷ್ಟೋ ಅಷ್ಟೇ ತಿರುಗುತ್ತವೆ. ಫ್ಯಾನಿನ ವೇಗ ಅರ್ಧಕ್ಕಿಳಿಸಿದರೆ ಅದು ತಿನ್ನುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಹಾಗಾಗಿ ಚಕ್ರಕ್ಕೆ ಸಿಗುವುದು ಹೆಚ್ಚು ಕಡಿಮೆ ಅಷ್ಟೇ. ಗಿರಾಕಿ ಆ ಸಾಲನ್ನು ತಮ್ಮ ಫೋನಿನಲ್ಲಿ ಫೋಟೋ ಹೊಡೆದುಕೊಂಡು ಹೋದರು.

ಅಲ್ಲಿಂದ ಈಚೆಗೆ ನಮ್ಮ ಟೀಮಿನ ಶೀಟಿನಲ್ಲಿ ಕಾಲಂಗಳ ಕ್ರಮ ಬದಲಿಸಿದ್ದೇನೆ. ಮೊದಲು ಹೊರಗಿನ ಹವೆ. ಆಮೇಲೆ ಡಬ್ಬಿಗಳ ಹೀಟಿಂಗು, ಎಸಿ. ಆಮೇಲೆ ಹಳಿ ತಾಳುವ ಆಕ್ಸಲ್ ತೂಕ, ಏರು, ನಿಲ್ಲುವ ಜಾಗಗಳು, ಶೆಡ್ಡಿನಲ್ಲಿ ಇರುವ ಸಲಕರಣೆ, ಅಕ್ಕಪಕ್ಕದ ಮನೆಗಳು. ಎಂಜಿನ್ನಿನ ಹಾರ್ಸ್‌ಪವರ್ ಕಾಲಂ ಬಲಗಡೆ ಕೊನೆಯಲ್ಲಿ, ಉಳಿದದ್ದು ತುಂಬಿಸುವ ತನಕ ಬೀಗ ಹಾಕಿಟ್ಟಿದ್ದೇವೆ. ಹುಡುಗರು ಗೊಣಗುತ್ತಾರೆ.

ಸಿಸಿ 72100ಗಳ ಜಾಗಕ್ಕೆ ಪ್ಯಾರಿಸ್–ಬೆಲ್‌ಫೋರ್ ಮಾರ್ಗದಲ್ಲಿ 2017ರಲ್ಲಿ ಆಲ್ಸ್‌ಟಾಮ್‌ನ ಕೊರಾಡಿಯಾ ಲೈನರ್ ಅನ್ನುವ ರೈಲು ಬಂತು. ತಂತಿ ಇದ್ದಲ್ಲಿ ಕರೆಂಟು, ಇಲ್ಲದಲ್ಲಿ ಡೀಸೆಲ್. ಪ್ರತ್ಯೇಕ ಲೋಕೋ ಇಲ್ಲ, ಸಣ್ಣ ಸಣ್ಣ ಎಂಜಿನ್‌ಗಳನ್ನು ರೈಲಿನ ಉದ್ದಕ್ಕೂ ಹಂಚಿದ್ದಾರೆ. ವೀಲ್‌ಚೇರಿನವರು, ಮಗುವಿನ ಗಾಡಿ ತಳ್ಳುವವರು ಸಲೀಸಾಗಿ ಹತ್ತಲಿ ಅಂತ ಈ ರೈಲಿನ ನೆಲ ಕೆಳಗಿದೆ. ಹಾಗಾಗಿ ಅಡಿಯಲ್ಲಿ ಎಂಜಿನ್ನಿಗೆ ಜಾಗ ಇಲ್ಲ, ಅವು ಛಾವಣಿ ಮೇಲೆ ಕೂತಿವೆ. ಈಗ ಶೆಡ್ಡಿನವರಿಗೆ ಕೆಳಗಿನ ಪಿಟ್‌ಗಿಂತ ಛಾವಣಿ ಎತ್ತರದ ಕಟ್ಟೆ ಮತ್ತು ಕ್ರೇನ್ ಮುಖ್ಯ. ನಮ್ಮ ಶೀಟಿನ ಸಲಕರಣೆ ಕಾಲಮಿಗೆ ಮೊನ್ನೆ ಅದನ್ನೂ ಸೇರಿಸಿದೆವು.