ಲಾಂಡ್ರಿಯಲ್ಲಿ ಎರಡು ಗಂಟೆ

ಅಮೆರಿಕದಲ್ಲಿ ಮಾನವಶಾಸ್ತ್ರ ಓದಲು ಸೇರಿದವರ ಕೈಗೆ ಮೊದಲ ಸೆಮಿಸ್ಟರ್‌ನಲ್ಲೇ ಬರುವ ಕೆಲಸವೊಂದಿದೆ: ಜನ ಸೇರುವ ಒಂದು ಜಾಗದಲ್ಲಿ ಎರಡು ಗಂಟೆ ಕೂತು, ಕಂಡದ್ದನ್ನು ಬರೆದು ತರುವುದು. ಕೆಲವರು ಬೇಸ್‌ಬಾಲ್ ಮೈದಾನಕ್ಕೆ ಹೋಗುತ್ತಾರೆ, ಕೆಲವರು ಕಾಫಿ ಅಂಗಡಿಗೆ. ನನ್ನನ್ನು ಕೇಳಿದರೆ, ನಾಣ್ಯ ಹಾಕಿ ಬಟ್ಟೆ ಒಗೆಯುವ ಲಾಂಡ್ರಿಗಿಂತ ಒಳ್ಳೆಯ ಜಾಗವಿಲ್ಲ. ಒಗೆಯುವ ಯಂತ್ರಕ್ಕೆ ಸುಮಾರು ಅರ್ಧ ಗಂಟೆ, ಒಣಗಿಸುವುದಕ್ಕೆ ಇನ್ನಷ್ಟು. ಒಬ್ಬರು ಬಂದು, ಕಾದು, ಮಡಚಿಟ್ಟು ಹೋಗುವಷ್ಟೂ ಆ ಎರಡು ಗಂಟೆಯೊಳಗೆ ಮುಗಿಯುತ್ತದೆ. ನಮ್ಮ ಬಟ್ಟೆಯನ್ನೂ ಒಯ್ದರೆ ಅಲ್ಲಿ ಕೂರಲು ಕಾರಣವಿರುತ್ತದೆ. ಜನ ಮಾಡುವುದನ್ನು ತಾನೂ ಮಾಡುತ್ತ ಅವರನ್ನು ಗಮನಿಸುವ ಇದನ್ನೇ ಪಾಠದಲ್ಲಿ ಸಹಭಾಗಿ ಅವಲೋಕನ ಎನ್ನುವುದು.

ಹೋಗುವ ಮುಂಚೆ ಮೇಷ್ಟ್ರನ್ನು ಕೇಳಬೇಕಾದದ್ದು ಅನುಮತಿಯ ವಿಷಯ. ಮನುಷ್ಯರ ಕುರಿತ ಸಂಶೋಧನೆಯನ್ನು ಐಆರ್‌ಬಿ (ಇನ್‌ಸ್ಟಿಟ್ಯೂಷನಲ್ ರಿವ್ಯೂ ಬೋರ್ಡ್) ಎಂಬ ಮಂಡಳಿ ಪರಿಶೀಲಿಸುತ್ತದೆ. ತರಗತಿಯ ಅಭ್ಯಾಸಕ್ಕೆ ಅದು ಹಲವೆಡೆ ಬೇಕಿಲ್ಲ, ಆದರೆ ಅನುಮತಿಯಿಲ್ಲದೆ ಕೂಡಿಟ್ಟ ಟಿಪ್ಪಣಿಯನ್ನು ಮುಂದೆ ಪ್ರಬಂಧಕ್ಕೆ ಬಳಸಲು ಹೊರಟಾಗ ತೊಡಕಾಗುತ್ತದೆ. ಅಂಗಡಿಯವರಿಗೂ ಒಂದು ಮಾತು ಹೇಳಿ. ಫೋಟೋ ಬೇಡ.

ಅಂಗೈಯಗಲದ ಪುಸ್ತಕ ಸಾಕು. ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಸಮಯ ಬರೆಯಿರಿ. ಮೊದಲು ಜಾಗದ ನಕ್ಷೆ: ಬಾಗಿಲು, ಯಂತ್ರಗಳು, ಕುರ್ಚಿಗಳು, ಮಡಚುವ ಮೇಜು. ಆಮೇಲೆ ಯಾರು ಎಲ್ಲಿ ಕೂತರು, ನಡುವೆ ಎಷ್ಟು ಕುರ್ಚಿ ಖಾಲಿ ಬಿಟ್ಟರು, ಯಂತ್ರ ನಿಂತ ಮೇಲೂ ಬಟ್ಟೆ ತೆಗೆಯಲು ಯಾರೂ ಬರದಿದ್ದರೆ ಮುಂದಿನವರು ಎಷ್ಟು ಹೊತ್ತು ಕಾದರು, ಕೊನೆಗೆ ಬೇರೆಯವರ ಒದ್ದೆ ಬಟ್ಟೆ ಮುಟ್ಟಿದರೋ ಇಲ್ಲವೋ. ಈ ಕೊನೆಯದನ್ನಂತೂ ಬಿಡಬೇಡಿ. ಗೋಡೆಯ ಮೇಲೆ ಬರೆದಿರದ ನಿಯಮಗಳು ಇಂಥ ಇಕ್ಕಟ್ಟಿನಲ್ಲೇ ಹೊರಗೆ ಬರುತ್ತವೆ.

ಎಡವುವುದು ಗುಣವಾಚಕಗಳಲ್ಲಿ. ‘ಒಂಟಿಯಾಗಿ ಕೂತಿದ್ದ ಮುದುಕ’ ಎಂದು ಬರೆದರೆ ಅದು ಕಂಡದ್ದಲ್ಲ, ನಾವು ಊಹಿಸಿದ್ದು. ‘ಬಿಳಿಗೂದಲಿನ ಗಂಡಸು, 40 ನಿಮಿಷ, ಯಾರೊಡನೆಯೂ ಮಾತಿಲ್ಲ, ಎರಡು ಸಲ ಬಾಗಿಲ ಕಡೆ ನೋಡಿದ’ ಎನ್ನುವುದು ಕಂಡದ್ದು. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಕಂಡು ಕೇಳಿದ್ದು, ಬಲಕ್ಕೆ ಅನ್ನಿಸಿದ್ದು ಬರೆದರೆ ಇವೆರಡೂ ಬೆರೆಯುವುದಿಲ್ಲ. ‘ಹೌ ಆರ್ ಯೂ’ ಎಂದವರನ್ನು ಕಂಡು ‘ಆತ್ಮೀಯರು’ ಎಂದೋ, ಉತ್ತರಕ್ಕೆ ನಿಲ್ಲದೆ ಹೋದದ್ದಕ್ಕೆ ‘ಒಣ ಜನ’ ಎಂದೋ ಬರೆಯುವವರಿದ್ದಾರೆ. ದಾರಿಯಲ್ಲಿ ಎದುರಾದವರನ್ನು ‘ಊಟ ಆಯ್ತಾ?’ ಎಂದು ನಾವು ಕೇಳುವುದು ಊಟದ ಲೆಕ್ಕ ತಿಳಿಯಲಿಕ್ಕಲ್ಲವಲ್ಲ.

ಕನ್ನಡದಲ್ಲಿ ಯೋಚಿಸುವವರು ಕನ್ನಡದಲ್ಲೇ ಬರೆದುಕೊಳ್ಳಲಿ, ವೇಗವಾಗುತ್ತದೆ. ಜನರ ಮಾತನ್ನು ಮಾತ್ರ ಅವರಾಡಿದ ಭಾಷೆಯಲ್ಲೇ, ಅವರದೇ ಪದದಲ್ಲಿ ಹಿಡಿಯಬೇಕು.

ಅದೇ ರಾತ್ರಿ ಟಿಪ್ಪಣಿಯನ್ನು ಹಿಗ್ಗಿಸಿ ಬರೆಯಬೇಕು. ಒಂದು ಗಂಟೆಯ ನೋಟಕ್ಕೆ ಎರಡು ಮೂರು ಗಂಟೆಯ ಬರಹ ಹಿಡಿಯುತ್ತದೆ. ಮಲಗಿ ಎದ್ದರೆ ‘ಕೆಂಪು ಬುಟ್ಟಿ, ನಕ್ಕಳು’ ಎಂಬ ಗೀಚಿನ ಅರ್ಥವೇ ಹೋಗಿರುತ್ತದೆ. ಜನರ ಹೆಸರು ಬದಲಿಸಿ, ಟಿಪ್ಪಣಿಯ ಒಂದು ಪ್ರತಿಯನ್ನು ಬೇರೆ ಕಡೆ ಇಡಿ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಅಧ್ಯಯನ ಮಾಡಿದ ಹಳ್ಳಿಯನ್ನು ‘ರಾಂಪುರ’ ಎಂಬ ಬದಲಿ ಹೆಸರಿನಲ್ಲೇ ಬರೆದರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಬೆಂಕಿ ಬಿದ್ದು, ವರ್ಷಗಟ್ಟಲೆ ಸಂಸ್ಕರಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. 1976ರಲ್ಲಿ ಬಂದ ಅವರ ಪುಸ್ತಕ ನೆನಪಿನ ಬಲದಿಂದ ಎದ್ದದ್ದು. ಅಷ್ಟು ನೆನಪು ಎಲ್ಲರಿಗಿರುವುದಿಲ್ಲ.

ವರದಿಯಲ್ಲಿ ‘ಅಮೆರಿಕನ್ನರು ಹೀಗೆ’ ಎಂಬ ವಾಕ್ಯ ಬಂದರೆ ಹೊಡೆದುಹಾಕಿ. ಲಾಂಡ್ರಿಗೆ ಬರುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಯಂತ್ರವಿಲ್ಲದವರು, ಬಾಡಿಗೆಯವರು, ವಿದ್ಯಾರ್ಥಿಗಳು, ಹೊಸದಾಗಿ ವಲಸೆ ಬಂದವರು. ಭಾನುವಾರ ನೋಡಿದ ಜಾಗಕ್ಕೆ ಮಂಗಳವಾರ ಬೆಳಿಗ್ಗೆ ಇನ್ನೊಮ್ಮೆ ಹೋಗಿ, ಅದೇ ಕುರ್ಚಿಯಲ್ಲಿ ಕೂತು ನೋಡಿ.