ನೋವಿನ ಮಾತ್ರಿನೂ ನಶಾ ಆಗ್ತೈತ್ರಿ

ಹುಬ್ಬಳ್ಳ್ಯಾಗ ಡ್ರಗ್ಸ್ ಅಂದ್ ಕೂಡ್ಲೆ ಎಲ್ಲಾರೂ ಗಾಂಜಾ ಬಗ್ಗೆನ ಮಾತಾಡ್ತಾರ, ಪೇಪರ್‌ನ್ಯಾಗೂ ಇಷ್ಟ್ ಕೆಜಿ ಸಿಕ್ತು ಇಷ್ಟ್ ಮಂದಿ ಅರೆಸ್ಟ್ ಅಂತ ಬರತೈತಿ. ನಾ ಭಾಳ ವರ್ಷದಿಂದ ಇಲ್ಲೇ ಒಂದ್ ಮೆಡಿಕಲ್ ಶಾಪ್‌ನ್ಯಾಗ ಕೆಲಸಾ ಮಾಡ್ತೀನ್ರಿ, ನನಗ ಜಾಸ್ತಿ ಅಂಜಿಕಿ ಬರೋದು ನೋವಿನ ಮಾತ್ರಿದ್ದು.

ಅಂಗಡಿ ಬಾಗಲಾ ಹಾಕೋ ಹೊತ್ತಿಗೆ ಒಬ್ಬಾಂವ ಬರ್ತಾನ. ಕೈಯಾಗ ಚೀಟಿದು ಝೆರಾಕ್ಸ್, ತಾರೀಖ್ ಅಷ್ಟ ಬ್ಯಾರೆ ಪೆನ್ನಿಲೆ ತಿದ್ದಿದ್ದು. 'ಅಣ್ಣಾ, ಅಜ್ಜಿಗೆ ಮೊಣಕಾಲ್ ನೋವು, ಟ್ರಾಮಡಾಲ್ ಎರಡ್ ಸ್ಟ್ರಿಪ್ ಕೊಡು' ಅಂತಾನ. ಮೇ ತಿಂಗಳ ಬಿಸಲಾಗ ಕೈಮ್ಯಾಲೆ ಮುಳ್ಳು ಎದ್ದಿರ್ತಾವು, ಮೂಗ್ ಸೋರತಿರತೈತಿ, ಮ್ಯಾಲಿಂದ್ ಮ್ಯಾಲೆ ಆಕಳಿಸ್ತಾನ. ನೋವು ಅಜ್ಜಿದಲ್ರಿ, ಅವಂದು. ದಿನಾ ತಗೊಂಡ್ ಮೈ ಅದಕ್ಕ ಒಗ್ಗಿ ಹೋಗಿರತೈತಿ, ಮೊದಲಿನಷ್ಟ್ ತಗೊಂಡ್ರ ಹತ್ತೂದಿಲ್ಲ, ಬಿಟ್ರ ಮೈಕೈ ಮುರದಂಗ ಆಗಿ ಭೇದಿ ಹತ್ತಿ ರಾತ್ರಿಪೂರ್ತಿ ನಿದ್ದಿ ಇಲ್ಲ. ಇಲ್ಲಪಾ ಅಂದ್ರ ಕೈ ಮುಗೀತಾನ, ನೋಡಾಕ ಆಗೂದಿಲ್ಲ.

ಮನ್ಯಾಗಿನವರು 'ಮಾತ್ರಿ ಅಲ್ಲೇನ್ರಿ, ಡಾಕ್ಟರ್ ಕೊಡೋದಲ್ಲಾ' ಅಂತಾರ. ಹೆರಾಯಿನ್ ಸೈತ ಔಷಧ ಆಗೇ ಬಂದಿದ್ರೀ! 1874ರಾಗ ಲಂಡನ್‌ನ್ಯಾಗ ರೈಟ್ ಅನ್ನೋ ಕೆಮಿಸ್ಟ್ ಮಾರ್ಫಿನ್‌ದಿಂದ ಮೊದಲ ಸಲ ಅದನ್ನ ಮಾಡಿದ, 1898ರಿಂದ ಜರ್ಮನಿ ಬೇಯರ್ ಕಂಪನಿ ಅದನ್ನ ಕೆಮ್ಮಿನ ಔಷಧ ಅಂತ ಮಾರ್ತು, ಮಾರ್ಫಿನ್ ಹಂಗ ಚಟಾ ಹತ್ತೂದಿಲ್ಲ ಅಂತ ನಂಬಿಸಿ. ಆ ಮಾರ್ಫಿನ್ ಬರೋದು ಅಫೀಮಿನಿಂದ, ಅದ ಅಫೀಮನ್ನ ಬ್ರಿಟಿಷರು ನಮ್ಮ ಬಿಹಾರ, ಗಾಜೀಪುರ ಕಡೆ ರೈತರ ಕಡಿಂದ ಬೆಳಿಸಿ ಚೀನಾಕ್ಕ ಹೋಗೂವಂಗ ಮಾಡಿದ್ರು, ಚೀನಾ ಬ್ಯಾಡ ಅಂದಿದ್ದಕ್ಕ 1839ರಾಗ ಯುದ್ಧನ ಆತು. ಟ್ರಾಮಡಾಲ್ ಅಫೀಮಿನಿಂದ ಮಾಡೋದಲ್ಲ, ಆದ್ರ ಮಿದುಳಿನ್ಯಾಗ ಮಾರ್ಫಿನ್ ಹೋಗಿ ಕೂಡೋ ಜಾಗಾದಾಗನ ಇದೂ ಹೋಗಿ ಕೂಡತೈತಿ. ಸರಕಾರ 2018ರಾಗ ಇದನ್ನೂ ಎನ್‌ಡಿಪಿಎಸ್ ಅನ್ನೋ ಡ್ರಗ್ಸ್ ತಡಿಯೋ ಕಾಯ್ದೆದಾಗ ಸೇರಿಸ್ತು.

ಗೊತ್ತಾದ ಮ್ಯಾಲೆ ನಮ್ಮ ಕಡೆ ಏನ್ ಮಾಡ್ತಾರಂದ್ರ, ಮರ್ಯಾದಿಗೆ ಅಂಜಿ ರೂಮಿನ್ಯಾಗ ಕೂಡಿ ಹಾಕ್ತಾರ, ಇಲ್ಲಾ ಮದಿವಿ ಮಾಡಿದ್ರ ಸುಧಾರಸ್ತಾನ ಅಂತ ಕನ್ಯಾ ನೋಡಾಕ ಹೋಗ್ತಾರ. ಆ ಹುಡುಗಿ ಏನ್ ಪಾಪ ಮಾಡ್ಯಾಳ್ರೀ? ಕೂಡಿ ಹಾಕೋದರಾಗ ಇನ್ನೊಂದ್ ದೊಡ್ಡ ಅಪಾಯ ಐತಿ. ಸ್ವಲ್ಪ ದಿನಾ ಬಿಟ್ಟಿದ್ರ ಮಾತ್ರಿ ತಡಕೊಳ್ಳೋ ಮೈಯಾಗಿನ ತಾಕತ್ತು ಇಳದಿರತೈತಿ, ಹೊರಗ ಬಂದ್ ಹಳೇ ಲೆಕ್ಕದಾಗ ನುಂಗಿದ್ರ ಉಸರು ನಿಂತ ಹೋಗಬಹುದು.

ಇದು ಜಡ್ಡು, ಇದಕ್ಕ ಔಷಧನೂ ಐತಿ. ಧಾರವಾಡದಾಗ ಡಿಮ್ಹಾನ್ಸ್ ಅನ್ನೋ ಸರಕಾರಿ ಮನೋರೋಗದ ದವಾಖಾನಿ ಐತಿ, ಅಲ್ಲಿ ಮನೋರೋಗದ ಡಾಕ್ಟರ್‌ಗೆ ತೋರಸ್ರಿ, ಚಟಾ ಬಿಡಸೋ 14446 ಸಹಾಯವಾಣಿಗೆ ಫೋನ್ ಮಾಡಿದ್ರ ರೊಕ್ಕಾ ಬೀಳೂದಿಲ್ಲ. ಪೊಲೀಸ್ ಕೇಸ್ ಆಗತೈತಿ ಅಂತ ಭಾಳ ಮಂದಿ ಅಂಜತಾರ, ಆದ್ರ ತಾನಾಗೇ ಟ್ರೀಟ್‌ಮೆಂಟಿಗೆ ಬಂದ್ ಪೂರ್ತಿ ತಗೊಳ್ಳೋ ಚಟದವರಿಗೆ ಎನ್‌ಡಿಪಿಎಸ್ ಕಾಯ್ದೆ 64ಎ ಕಲಮಿನ್ಯಾಗ ರಕ್ಷಣಾ ಐತಿ.

ಎಬ್ಬಿಸಿದ್ರೂ ಏಳವಲ್ಲ, ಉಸರು ಭಾಳ ನಿಧಾನ, ತುಟಿ ನೀಲಿ ಆಗ್ಯಾವ ಅಂದ್ರ ನೀರ್ ಗೊಜ್ಜಕೋತ, ಮಜ್ಜಗಿ ಕುಡಸ್ಕೋತ ಕೂಡಬ್ಯಾಡ್ರಿ. 108ಕ್ಕ ಹಚ್ಚ್ರಿ, ಒಂದ್ ಮಗ್ಗಲಾ ಮಲಗಸ್ರಿ, ಉಸರು ನೋಡ್ಕೋತಿರ್ರಿ. ನಲೋಕ್ಸೋನ್ ಅನ್ನೋ ಇಂಜೆಕ್ಷನ್ ಟೈಮಿಗೆ ಸಿಕ್ರ ಉಸರು ವಾಪಸ್ ಬರತೈತಿ, ಅದಕ್ಕ ದವಾಖಾನಿಗೆ ಹೋಗೂವಾಗ ಖಾಲಿ ಸ್ಟ್ರಿಪ್ ಕೈಯಾಗ ತಗೊಂಡ್ ಹೋಗ್ರಿ, ಏನ್ ತಗೊಂಡಾನ ಅಂತ ಡಾಕ್ಟರ್‌ಗೆ ಖರೇ ಹೇಳ್ರಿ.